ಹೂಲನ್ ಬೆಟ್ಟದ ಹತ್ತು ಸಾವಿರ ಜನ

ಉಬಹೈಗೆ ಸಿಕ್ಕ ಆಜ್ಞೆಯಲ್ಲಿ ಗೊಂದಲಕ್ಕೆ ಎಡೆ ಇರಲಿಲ್ಲ. ತಾನೂ ಸೇರಿ ಇಪ್ಪತ್ತು ಸವಾರರು ಹೂಲನ್ ಬೆಟ್ಟದ ನೆತ್ತಿಯಲ್ಲಿ ಕೂರಬೇಕು. ಕೆಳಗಿನ ಕಣಿವೆಯಲ್ಲಿ ಬೀಡುಬಿಟ್ಟ ಚೀನಾದ ಮಿಂಗ್ ಸೈನ್ಯದ ಮೇಲೆ ಕಣ್ಣಿಡಬೇಕು. ಅದು ಮುಂದೆ ಬಂದರೆ ಒಬ್ಬ ಸವಾರನ ಕೈಲಿ ಸುದ್ದಿ ಕಳಿಸಬೇಕು. ಆ ಸೈನ್ಯದ ಕಣ್ಣಿಗೂ ಬೀಳಕೂಡದು, ಕಿವಿಗೂ ಬೀಳಕೂಡದು. ಅಷ್ಟೆ.

“ಅಲ್ಲಿ ಹೋಗಿ ಏನೂ ಮಾಡ್ಬೇಡ,” ಎಂದು ದಳದೊಡೆಯ ಯಾರ್ಬು ಬೇರೆಯಾಗಿ ಕರೆದು ಹೇಳಿದ್ದ. “ಮಾಡೋದಂತೂ ನಿಂಗೆ ಬರ್ಲಿಲ್ಲ. ಮಾಡ್ದೆ ಇರೋದಾದ್ರೂ ಬರುತ್ತೇನೋ ನೋಡೋಣ.”

ಉಬಹೈ ತಲೆ ತಗ್ಗಿಸಿದ್ದ. ಮಾತಿನ ಹಿಂದಿದ್ದ ಕಥೆ ಊರಿಗೆಲ್ಲ ಗೊತ್ತಿತ್ತು. ಉಬಹೈಯ ಜನ, ಜುರ್ಚೆನ್ನರು, ಬೇಟೆಯನ್ನೂ ಯುದ್ಧವನ್ನೂ ಒಂದೇ ಕಟ್ಟಳೆಯಲ್ಲಿ ನಡೆಸುವವರು. ಎಲೆ ಉದುರುವ ಕಾಲಕ್ಕೆ ಸಾವಿರಾರು ಜನ ಒಂದು ಬೆಟ್ಟವನ್ನು ಬಳೆಯಂತೆ ಸುತ್ತುಗಟ್ಟಿ, ಆ ಬಳೆಯನ್ನು ಕಿರಿದು ಮಾಡುತ್ತ ಬರುತ್ತಾರೆ. ಒಬ್ಬನೂ ತನ್ನ ಜಾಗ ಬಿಡಕೂಡದು. ಒಳಗಿನ ಪ್ರಾಣಿ ಹೊರಗೆ ನುಗ್ಗಲು ಮುಖ ತಿರುಗಿಸಿತೋ, ಆ ಕಡೆ ಇದ್ದವರೆಲ್ಲ ಆ ಕ್ಷಣವೇ ಕೊಂಬು ಊದಬೇಕು, ಟೋಪಿಯನ್ನು ಬಿಲ್ಲಿನ ತುದಿಗೆ ಸಿಕ್ಕಿಸಿ ಬೀಸಬೇಕು, ಗಂಟಲು ಹರಿಯುವಂತೆ ಕೂಗಬೇಕು. ಜಾಗ ಬಿಟ್ಟವನೂ ತಪ್ಪಿತಸ್ಥ, ಸುಮ್ಮನೆ ನಿಂತವನೂ ತಪ್ಪಿತಸ್ಥ. ಹಿಂದಿನ ವರ್ಷದ ಬೇಟೆಯಲ್ಲಿ, ಆಗ ಮುನ್ನೂರು ಜನರ ತುಕಡಿಯ ನಾಯಕನಾಗಿದ್ದ ಉಬಹೈ, ಗಾಯಗೊಂಡ ಹಂದಿಯೊಂದರ ಹಿಂದೆ ಕುದುರೆ ಬಿಟ್ಟಿದ್ದ. ಬಳೆ ಬಾಯಿ ತೆರೆಯಿತು. ಅವರ ದೊರೆ ಖಾನನ ಕಣ್ಣೆದುರೇ ಜಿಂಕೆಯ ಹಿಂಡು ಆ ಬಾಯಿಂದ ಹೊರಬಿದ್ದು ಕಾಡು ಸೇರಿತು. ಹಂದಿಯೂ ಸಿಗಲಿಲ್ಲ.

ಅವನ ಅಂಗಿ ಬಿಚ್ಚಿಸಿ ಬೆನ್ನಿಗೆ ಮರದ ಮೊಂಡು ಬಾಣ ಹೊಡೆದರು. ತುಕಡಿ ಕಿತ್ತುಕೊಂಡರು. ಇನ್ನೊಮ್ಮೆ ಆಜ್ಞೆ ಮೀರಿದರೆ ಮನೆಮಂದಿಯೆಲ್ಲ ಬೇರೊಬ್ಬರ ಮನೆಯ ಆಳಾಗಿ ಹೋಗಬೇಕು ಎಂದು ಯಾರ್ಬು ಹಿರಿಯರ ಎದುರು ಸಾರಿದ. ಮನೆಮಂದಿ ಎಂದರೆ ಹೆಂಡತಿ ನೆಂಜೆ ಮತ್ತು ಇಬ್ಬರು ಹೆಣ್ಣುಮಕ್ಕಳು. ಬೆನ್ನಿನ ಬಾವು ಇಳಿಯಿತು. ಆ ಮಾತು ಇಳಿಯಲಿಲ್ಲ. ಹೂಲನ್ ಬೆಟ್ಟ ಹತ್ತುವಾಗ ಉಬಹೈಯ ತಲೆಯಲ್ಲಿ ಇದ್ದದ್ದು ಒಂದೇ: ಏನೂ ಮಾಡಬಾರದು. ಅದನ್ನು ಚೆನ್ನಾಗಿ ಮಾಡಬೇಕು.

ಆ ವಸಂತದಲ್ಲಿ ಮಿಂಗ್ ಚಕ್ರವರ್ತಿಯ ಸೈನ್ಯ ನಾಲ್ಕು ದಾರಿಗಳಲ್ಲಿ ಖಾನನ ರಾಜಧಾನಿಯ ಕಡೆ ಹೊರಟಿತ್ತು. ನಾಲ್ಕು ಲಕ್ಷ ಎಪ್ಪತ್ತು ಸಾವಿರ ಜನ ಬರುತ್ತಿದ್ದೇವೆ ಎಂದು ಅವರೇ ಮುಂಚಿತವಾಗಿ ಹೇಳಿ ಕಳಿಸಿದ್ದರು. ನಿಜಕ್ಕೂ ಬಂದವರು ಒಂದು ಲಕ್ಷದ ಆಸುಪಾಸು. ಅವರಲ್ಲಿ ಪಶ್ಚಿಮದ ದಳ ಹೊಳೆ ದಾಟಿ ಸಾರ್ಹು ಬೆಟ್ಟದ ಬಳಿ ಸಿಕ್ಕಿಬಿದ್ದು ಒಂದೇ ದಿನದಲ್ಲಿ ಮುಗಿಯಿತು. ಮರುದಿನ ಉತ್ತರದ ದಳ ಮುಗಿಯಿತು. ಖಾನನ ಪಡೆ ಬೆವರು ಆರುವ ಮೊದಲೇ ಕುದುರೆ ತಿರುಗಿಸಿ ಪೂರ್ವದ ದಳದ ಕಡೆ ಓಡಿತು. ಉಳಿದದ್ದು ದಕ್ಷಿಣದ ದಳ, ಹೂಲನ್ ಬೆಟ್ಟದ ಕೆಳಗಿನದ್ದು. ಅದನ್ನು ತಡೆಯಲು ಆ ಹೊತ್ತಿಗೆ ಅಲ್ಲಿದ್ದವರು ಈ ಇಪ್ಪತ್ತು ಜನ. ಅವರಿಗೂ ತಡೆಯುವ ಅಪ್ಪಣೆ ಇರಲಿಲ್ಲ.

ಪುಣ್ಯಕ್ಕೆ ಕೆಳಗಿನವರಿಗೂ ಬರುವ ಆತುರ ಇರಲಿಲ್ಲ. ಆ ದಳ ಒಂದು ದಿನ ಒಂದು ತೊರೆ ದಾಟುವುದು, ಮರುದಿನ ಆ ತೊರೆಯ ದಂಡೆಯಲ್ಲಿ ಅಡುಗೆ ಮಾಡುವುದು. ಅದರ ಸೇನಾಪತಿಗೂ ಮನೆ ಮಠ ಇರಬೇಕು, ಅವನಿಗೂ ಯಾರೋ ಬೆದರಿಕೆ ಹಾಕಿರಬೇಕು ಎಂದು ಉಬಹೈಗೆ ಅನ್ನಿಸಿತು. ನೋಡದ ಆ ಮನುಷ್ಯನ ಮೇಲೆ ಅವನಿಗೆ ಒಂದು ಬಗೆಯ ಅಕ್ಕರೆ ಹುಟ್ಟಿತ್ತು.

ಉಳಿದವರಿಗೆ ಹಾಗೆ ಅನ್ನಿಸಲಿಲ್ಲ. ಸಾರ್ಹುವಿನಿಂದ ಬಂದ ಸುದ್ದಿಗಾರ ಅಲ್ಲಿ ಸಿಕ್ಕ ಲೂಟಿಯ ಬಗ್ಗೆ ಹೇಳಿ ಹೋದಾಗಿನಿಂದ ತುಲೈ ಎಂಬ ಸವಾರ ಕೂತಲ್ಲಿ ಕೂರುತ್ತಿರಲಿಲ್ಲ.

“ಕಬ್ಬಿಣದ ಕವಚ ಕಾಲಿಗೆ ತೊಡರುತ್ತಂತೆ ಅಲ್ಲಿ. ಎತ್ಕೊಳ್ಳೋಕೆ ಜನ ಇಲ್ವಂತೆ. ನಮ್ಮ ಭಾವ ಮೂರು ಹೇಸರಗತ್ತೆ ಹೊಡ್ಕೊಂಡು ಮನೇಗ್ ಹೋದ್ನಂತೆ.”

“ನಿಮ್ಮ ಭಾವನಿಗೂ ಹೇಸರಗತ್ತೆಗೂ ಮೊದ್ಲಿಂದ ಸಂಬಂಧ ಇದೆ ಬಿಡು,” ಎಂದ ಕಕ್ದುರಿ. ಅರವತ್ತರ ಗಡಿಯ ಮುದುಕ. ನಲವತ್ತು ವರ್ಷದಿಂದ ಬೇಟೆಯ ಬಳೆಯಲ್ಲಿ ಕೊಂಬು ಊದುವವನು. ಹೊಟ್ಟೆಯ ಮೇಲೆ ಕೊಂಬು ಇಟ್ಟುಕೊಂಡೇ ಮಲಗುತ್ತಿದ್ದ.

“ನೀನ್ ನಗು ಮುದುಕಪ್ಪ. ನಮ್ಮ ಪಾಲಿಗೆ ಬಂದಿದ್ದೇನು? ಹಿಮ, ಒಣ ಮಾಂಸ, ಈ ನಾಯಕ.”

“ಒಣ ಮಾಂಸ ಪರವಾಗಿಲ್ಲ,” ಎಂದ ಕಕ್ದುರಿ.

ಉಬಹೈ ಕೇಳಿಸಿಕೊಳ್ಳದವನಂತೆ ಚಳಿಗೆಂದು ಪಾದರಕ್ಷೆಯೊಳಗೆ ತುಂಬಿದ್ದ ಹುಲ್ಲು ಬದಲಿಸುತ್ತ ಕೂತ. ತಾನು ಏನೂ ಮಾಡದೆ ಇರುವುದರ ಜೊತೆಗೆ ಹತ್ತೊಂಬತ್ತು ಜನ ಏನೂ ಮಾಡದಂತೆ ನೋಡಿಕೊಳ್ಳುವುದೂ ಅವನ ಕೆಲಸವಾಗಿತ್ತು. ಬೆಂಕಿ ಹಾಕಲು ಬಿಡಲಿಲ್ಲ. ಹಾಡಲು ಬಿಡಲಿಲ್ಲ. ಕೆಮ್ಮುವವರನ್ನು ಬೆಟ್ಟದ ಹಿಂಬದಿಗೆ ಕಳಿಸಿದ.

ಒಂದು ಬೆಳಿಗ್ಗೆ ಕೆಳಗಿನ ಬೀಡಿಗೆ ಕೆಂಪು ಬಾವುಟ ಹಿಡಿದ ಸವಾರನೊಬ್ಬ ನಾಗಾಲೋಟದಲ್ಲಿ ಬಂದ. ಸ್ವಲ್ಪ ಹೊತ್ತಿಗೆ ಡೇರೆಗಳು ಕಳಚಿ ಬಿದ್ದವು. ಸುದ್ದಿ ಒಯ್ಯಲು ಒಬ್ಬನನ್ನು ಕುದುರೆ ಹತ್ತಿಸಿಯೂ ಆಯಿತು. ಅಷ್ಟರಲ್ಲಿ ತೊರೆಯ ದಂಡೆಯ ಗಾಡಿಗಳು ಒಂದೊಂದಾಗಿ ಮೂಗು ತಿರುಗಿಸಿದವು. ಸೈನ್ಯ ಮುಂದೆ ಬರುತ್ತಿರಲಿಲ್ಲ, ಹಿಂದಿರುಗುತ್ತಿತ್ತು.

ಎರಡು ದಳಗಳು ನಾಶವಾದ ಸುದ್ದಿ ಅವರಿಗೂ ತಲುಪಿತ್ತು, ಮೇಲಿನವರು ವಾಪಸ್ಸು ಕರೆಸಿದ್ದರು. ಅದೆಲ್ಲ ಉಬಹೈಗೆ ಆಮೇಲೆ ತಿಳಿದದ್ದು. ಆಗ ಅವನಿಗೆ ಕಂಡದ್ದು ಇಷ್ಟೆ: ತನ್ನ ಹೆಂಡತಿ ಮಕ್ಕಳು ಬಚಾವಾದರು. ಕಣಿವೆ ಖಾಲಿಯಾಗುವವರೆಗೆ ಕೂತಿದ್ದು ಎದ್ದು ಹೋದರೆ ಆಯಿತು. ಅವನು ಟೋಪಿ ತೆಗೆದು ತಲೆ ಒರೆಸಿಕೊಂಡ.

ಕಣಿವೆ ಕಿರಿದಾಗಿತ್ತು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಗಾಡಿ, ಫಿರಂಗಿ, ಹೇಸರಗತ್ತೆಗಳೊಂದಿಗೆ ಅಲ್ಲಿ ಹಿಂದುಮುಂದಾಗುವುದು ಸದ್ದಿಲ್ಲದೆ ಆಗುವ ಕೆಲಸವಲ್ಲ. ಆ ಗದ್ದಲಕ್ಕೆ ಪಕ್ಕದ ಪೈನ್ ಮರಗಳ ಕೊರಕಲಲ್ಲಿದ್ದ ಜಿಂಕೆಗಳ ಹಿಂಡು ಬೆದರಿತು. ಮೂವತ್ತು ನಲವತ್ತು ಇದ್ದಾವು. ಗುಡ್ಡ ಹತ್ತಿ ನೇರ ಇವರ ಕಡೆಗೇ ಬಂದವು. ಮನುಷ್ಯರ ವಾಸನೆ ಬಡಿದದ್ದೇ ನಿಂತವು. ಮುಂದಿನ ಹೆಣ್ಣುಜಿಂಕೆ ಮುಖ ತಿರುಗಿಸಿತು.

ಕಕ್ದುರಿ ಎದ್ದು ನಿಂತು ಕೊಂಬು ಊದಿದ.

ಯೋಚಿಸಿ ಊದಿದ್ದಲ್ಲ. ನಲವತ್ತು ವರ್ಷದಲ್ಲಿ ಮುಖ ತಿರುಗಿಸಿದ ಜಿಂಕೆಯ ಎದುರು ಅವನು ಒಮ್ಮೆಯೂ ಸುಮ್ಮನೆ ನಿಂತವನಲ್ಲ. ಕೊಂಬಿನ ದನಿ ಎದುರು ಬೆಟ್ಟಕ್ಕೆ ಬಡಿದು ಎರಡಾಗಿ ವಾಪಸ್ಸು ಬಂತು. ಉಳಿದವರ ಟೋಪಿಗಳು ಆ ಹೊತ್ತಿಗೆ ಬಿಲ್ಲಿನ ತುದಿಯಲ್ಲಿದ್ದವು. “ಹೋ! ಹೋ! ಹೋ!” ಎಂದು ನೆತ್ತಿಯ ಉದ್ದಕ್ಕೂ ಕೂಗು ಎದ್ದಿತು. ಸುದ್ದಿ ಒಯ್ಯಲು ಕುದುರೆ ಹತ್ತಿದ್ದವನು, ಬಳೆಯಲ್ಲಿ ಬಿಟ್ಟುಹೋದ ಬಾಯಿ ಮುಚ್ಚಲೆಂದು, ಬಲಗಡೆಗೆ ಓಡಿಸಿದ.

“ಸುಮ್ನಿರ್ರೋ! ಏ ಮುದುಕಾ, ಬಾಯಿಂದ ತೆಗಿಯೋ ಅದನ್ನ! ಕೂತ್ಕೊಳ್ರೋ!”

ಉಬಹೈ ಕುದುರೆಗೆ ಹಾರಿದ. ಅವನದು ಕಪ್ಪು ಬಿಳಿ ಮಚ್ಚೆಯ ಕುದುರೆ, ಎಷ್ಟು ದೂರದಿಂದಲೂ ಕಾಣುವಂಥದ್ದು. ಎಡತುದಿಗೆ ಓಡಿ ಕೈಯಲ್ಲಿದ್ದ ಟೋಪಿಯನ್ನು ಕೆಳಕ್ಕೆ ಒತ್ತಿ ಒತ್ತಿ ಕೂರಲು ಸನ್ನೆ ಮಾಡಿದ. ಎಡದವರು ಕೂತರು. ಅಷ್ಟರಲ್ಲಿ ಬಲದವರು ಎದ್ದರು. ಬಲಕ್ಕೆ ಓಡಿದ. ಎಡದವರು ಎದ್ದರು. ಜಿಂಕೆಗಳು ದಿಕ್ಕುದಿಕ್ಕಿಗೆ ಚದುರಿ ಮರಗಳ ನಡುವೆ ನುಗ್ಗಿದಾಗ ನೆತ್ತಿಯ ಹಿಮವೆಲ್ಲ ಕೊಂಬೆಗಳಿಂದ ಧೂಳಿನಂತೆ ಉದುರಿತು.

ಕೆಳಗೆ ಯಾರೋ ಏನೋ ಕೂಗಿದರು. ಆ ಕೂಗು ಸಾಲಿನುದ್ದಕ್ಕೂ ಓಡಿತು. ಹಿಂದಿನವರು ಮುಂದಿನವರನ್ನು ನೂಕಿದರು, ಮುಂದಿನವರು ಗಾಡಿಗಳಿಗೆ ಸಿಕ್ಕಿದರು, ಸವಾರರು ಕಾಲಾಳುಗಳ ಮೇಲೆ ಹಾಯ್ದರು. ಹೇಸರಗತ್ತೆಗಳು ಗಾಡಿ ಸಮೇತ ತೊರೆಗೆ ಬಿದ್ದವು. ಉಬಹೈ ಕುದುರೆ ನಿಲ್ಲಿಸಿ ನೋಡಿದ. ಬೇಟೆಯಲ್ಲಿ ಎಷ್ಟೋ ಸಲ ಹಿಂಡು ಹೀಗೆ ಓಡುವುದನ್ನು ಅವನು ಕಂಡಿದ್ದ. ಆದರೆ ಪ್ರಾಣಿಗಳು ಬಿದ್ದ ಪ್ರಾಣಿಯನ್ನು ತುಳಿಯದೆ ಸುತ್ತಿ ಹೋಗುತ್ತವೆ.

“ನಾಯಕರೇ, ಓಡ್ತಾ ಇದಾರೆ!” ಎಂದ ತುಲೈ. ಅವನ ಮುಖದಲ್ಲಿ ಹೇಸರಗತ್ತೆಗಳು ಹೊಳೆಯುತ್ತಿದ್ದವು.

“ಕೂತ್ಕೋ.”

“ಎಲ್ರೂ ಓಡ್ತಾ ಇದಾರೆ!”

“ಕೂತ್ಕೋ ಅಂದೆ.”

ತುಲೈ ಕೂರಲಿಲ್ಲ. ಅವನ ಹಿಂದೆ ಹದಿನೈದು ಜನ ಗುಡ್ಡ ಇಳಿದರು. ಅವರನ್ನು ವಾಪಸ್ಸು ಕರೆತರಲು ಉಬಹೈ ಕೂಡ ಇಳಿದ. ಮಚ್ಚೆ ಕುದುರೆಯ ಮೇಲೆ ದೊಡ್ಡ ಸೈನ್ಯದ ದಂಡನಾಯಕನೇ ಮುಂದಾಗಿ ಇಳಿದು ಬರುತ್ತಿದ್ದಾನೆ ಎಂದುಕೊಂಡು ಕೆಳಗೆ ಉಳಿದಿದ್ದವರೂ ಓಡಿದರು. ಅವನು ತನ್ನವರನ್ನು ಬೈದು, ಹೊಡೆದು ಒಟ್ಟುಮಾಡುವ ಹೊತ್ತಿಗೆ ಅವರು ನಲವತ್ತು ಜನರನ್ನು ಕೊಂದು ಐವತ್ತು ಕುದುರೆ ಹಿಡಿದಿದ್ದರು. ಕಣಿವೆಯಲ್ಲಿ ತುಳಿತಕ್ಕೆ ಸಿಕ್ಕಿ ಸತ್ತವರು ಸಾವಿರದಷ್ಟಿದ್ದರು. ಅವರ ಮೈಮೇಲೆ ಒಂದು ಬಾಣದ ಗಾಯವೂ ಇರಲಿಲ್ಲ.

ವಿಚಾರಣೆ ನಡೆದದ್ದು ವಿಜಯದ ಹಬ್ಬದ ನಡುವೆ. ಪೂರ್ವದ ದಳವೂ ಮುಗಿದಿತ್ತು. ಖಾನ ಆಕಾಶದೇವರಿಗೆ ಎತ್ತುಗಳನ್ನು ಬಲಿ ಕೊಟ್ಟಿದ್ದ. ಹೊರಗೆ ಕೊಪ್ಪರಿಗೆಗಳಲ್ಲಿ ಹಂದಿ ಬೇಯುತ್ತಿತ್ತು. ಯಾರ್ಬು ಮಾತ್ರ ಡೇರೆಯಲ್ಲಿ ಮುಖ ಗಂಟಿಕ್ಕಿ ಕೂತಿದ್ದ. ಅವನ ದಳವನ್ನು ದಾರಿ ಕಾಯಲು ಹಿಂದೆ ಬಿಟ್ಟಿದ್ದರಿಂದ ಮೂರು ಗೆಲುವುಗಳಲ್ಲಿ ಒಂದೂ ಅವನ ಪಾಲಿಗೆ ಬಂದಿರಲಿಲ್ಲ. ಜೊತೆಗೆ ಇಬ್ಬರು ಹಿರಿಯರಿದ್ದರು.

“ಕೊಂಬು ಊದು ಅಂದೋರ್ಯಾರು?” ಎಂದು ಒಬ್ಬ ಹಿರಿಯ ಕೇಳಿದ.

“ಯಾರೂ ಅನ್ಲಿಲ್ಲ,” ಎಂದ ಕಕ್ದುರಿ. “ಜಿಂಕೆ ಮುಖ ತಿರುಗಿಸ್ತು. ಊದ್ದೇ ಇದ್ರೆ ನೀವೇ ಹೊಡೀತೀರಲ್ಲ.”

“ಅದು ಬೇಟೇಲಿ.”

“ಜಿಂಕೆಗೆ ಹೇಳಬೇಕಿತ್ತು ಅದನ್ನ.”

ಹಿರಿಯ ಉಬಹೈಯ ಕಡೆ ತಿರುಗಿದ. “ನೀನು?”

“ನಿಲ್ಸೋಕೆ ನೋಡ್ದೆ. ಕೂತ್ಕೊಳ್ಳಿ ಅಂತ ಟೋಪಿ ಬೀಸ್ದೆ. ಕೇಳ್ಲಿಲ್ಲ.”

“ಅಂದ್ರೆ, ಕಾಣಿಸ್ಕೋಬೇಡ ಅಂದಿದ್ದಕ್ಕೆ ಕಾಣಿಸ್ಕೊಂಡೆ.”

“ಹೌದು.”

“ಕಾಣಿಸ್ಕೊಂಡ ಮೇಲೆ ಶತ್ರು ಓಡ್ದ. ಅವನು ಓಡೋ ಹಾಗೆ ಮಾಡ್ತಿದ್ದೋರನ್ನ ನೀನು ನಿಲ್ಸೋಕೆ ನೋಡ್ದೆ.”

ಉಬಹೈ ಈ ದಾರಿಯಲ್ಲಿ ಯೋಚಿಸಿರಲಿಲ್ಲ. ಬೆಟ್ಟದಿಂದ ಇಲ್ಲಿಯವರೆಗೆ ಅವನು ಒಂದು ತಪ್ಪಿಗೆ ಉತ್ತರ ಸಿದ್ಧಮಾಡಿಕೊಂಡು ಬಂದಿದ್ದ. ಇಲ್ಲಿ ನೋಡಿದರೆ ಎರಡಿದ್ದವು. ಒಂದರಿಂದ ಪಾರಾಗಲು ಹೇಳಿದ ಮಾತೇ ಇನ್ನೊಂದಕ್ಕೆ ಸಾಕ್ಷಿ.

“ಓಡ್ತಾರೆ ಅಂತ ಗೊತ್ತಿರ್ಲಿಲ್ಲ,” ಎಂದ.

“ಗೊತ್ತಿದ್ದಿದ್ರೆ?”

“ಗೊತ್ತಿದ್ರೂ ಅಪ್ಪಣೆ ಇರ್ಲಿಲ್ಲ.”

ಹಿರಿಯರಿಬ್ಬರೂ ಮುಖ ಮುಖ ನೋಡಿಕೊಂಡರು. ಯಾರ್ಬು ಕಣಿವೆಯಲ್ಲಿ ಸಿಕ್ಕ ಸೆರೆಯಾಳೊಬ್ಬನನ್ನು ಕರೆಸಿದ. ಹೆಸರು ಗೆಂಗ್. ಗಡಿಯ ಸಂತೆಯಲ್ಲಿ ಉಪ್ಪು ಮಾರಿಕೊಂಡಿದ್ದವನನ್ನು ಸೈನ್ಯಕ್ಕೆ ಹಿಡಿದು ತಂದಿದ್ದರು. ಆ ಸಂತೆಯಿಂದಾಗಿ ಜುರ್ಚೆನ್ ಮಾತು ನೀರಿನಂತೆ ಬರುತ್ತಿತ್ತು.

“ಬೆಟ್ಟದ ಮೇಲೆ ಎಷ್ಟು ಜನ ಇದ್ರು?” ಎಂದು ಯಾರ್ಬು ಕೇಳಿದ.

“ಹತ್ತು ಸಾವಿರ, ಧಣಿ.”

ತುಲೈ ಬಾಯಿ ಮುಚ್ಚಿಕೊಂಡು ನಕ್ಕ.

“ನೀನ್ ಎಣಿಸಿದ್ಯಾ?”

“ಎಣಿಸೋಕೆ ಬಿಟ್ರೆ ತಾನೆ? ಈ ತುದಿಯಿಂದ ಆ ತುದೀವರೆಗೂ ಇದ್ರು. ಒಂದು ಸಾಲು ಕೂತ್ರೆ ಇನ್ನೊಂದು ಸಾಲು ಏಳೋದು. ಕಾಡೆಲ್ಲ ಅಲ್ಲಾಡ್ತಿತ್ತು. ಮಚ್ಚೆ ಕುದುರೆ ಮೇಲೆ ಒಬ್ಬ ದಂಡನಾಯಕ.” ಅವನು ಉಬಹೈಯನ್ನು ಕಂಡ. ಗೋಣು ತಾನಾಗಿ ಬಾಗಿತು. “ಇವ್ರೇ. ಇವ್ರ ಟೋಪಿ ಒಂದ್ಸಲ ಕೆಳಗೆ ಬಂದ್ರೆ ಸಾವಿರ ಜನ ಮರೆಯಾಗೋರು. ಅಂಥ ಶಿಸ್ತು ನಾನು ನೋಡಿಲ್ಲ ಧಣಿ.”

“ಇವನ ಹತ್ರ ಇದ್ದಿದ್ದು ಇಪ್ಪತ್ತು ಜನ ಕಣಯ್ಯ,” ಎಂದ ಹಿರಿಯ.

ಗೆಂಗ್ ತಮಾಷೆ ಇರಬೇಕೆಂದು ಒಬ್ಬೊಬ್ಬರ ಮುಖವನ್ನೂ ನೋಡಿದ. ಯಾರೂ ನಗಲಿಲ್ಲ. “ಇಪ್ಪತ್ತು ಜನಕ್ಕೆ ಯಾರಾದ್ರೂ ಓಡ್ತಾರಾ ಧಣಿ? ನಾವು ಇಪ್ಪತ್ತು ಸಾವಿರದ ಮೇಲಿದ್ವಿ,” ಎಂದ. ಅವನ ದನಿಯಲ್ಲಿ ಸಿಟ್ಟಿತ್ತು.

ಯಾರ್ಬು ಗಡ್ಡ ಕೆರೆದುಕೊಂಡ. ಹೊರಗೆ ಬೇರೆ ದಳದವರು ತಮ್ಮ ತಮ್ಮ ಗೆಲುವಿನ ಹಾಡು ಹೇಳುತ್ತಿದ್ದರು. ಅವನು ಅದನ್ನು ಕೇಳುತ್ತ ಇದ್ದ. ನಿಧಾನಕ್ಕೆ ಮುಖದ ಗಂಟು ಸಡಿಲವಾಯಿತು.

“ಅಲ್ಲಯ್ಯ ಉಬಹೈ,” ಎಂದ, “ಹೊರಡೋವಾಗ ನಿನ್ನ ಬೇರೆಯಾಗಿ ಕರೆದು ನಾನೇನೋ ಹೇಳಿದ್ನಲ್ಲ.”

“ಹೌದು ಧಣಿ.”

“ಇಪ್ಪತ್ತು ಜನಾನ ಹತ್ತು ಸಾವಿರ ಮಾಡಿ ತೋರ್ಸು ಅಂದಿದ್ದೆ, ಅಲ್ವಾ? ಯಾರಿಗೂ ಕೇಳಿಸ್ಬಾರ್ದು ಅಂತ ಕಿವೀಲಿ ಹೇಳಿದ್ದೆ.”

ಡೇರೆಯಲ್ಲಿ ಎಲ್ಲರೂ ಉಬಹೈಯ ಕಡೆ ನೋಡಿದರು. ಯಾರ್ಬು ಅಂದು ನಿಜಕ್ಕೂ ಹೇಳಿದ್ದು ಅವನಿಗೆ ಒಂದಕ್ಷರ ಬಿಡದೆ ನೆನಪಿತ್ತು. ನೆಂಜೆ ಬೇರೆಯವರ ಮನೆಯ ಹಿಟ್ಟು ಬೀಸುವುದು, ಮಕ್ಕಳು ಬೇರೆಯವರ ಹಂದಿ ಕಾಯುವುದು ಕಣ್ಣ ಮುಂದೆ ಬಂತು.

“ಅಂದಿದ್ರಿ ಧಣಿ,” ಎಂದ.

“ಮತ್ತೆ ಇವ್ರನ್ನ ನಿಲ್ಸೋಕೆ ನೋಡ್ದೆ ಅಂತಿದೀಯಲ್ಲ?”

“ಅದೂ... ಅದೂ ಅದರಲ್ಲೇ ಸೇರಿತ್ತು.”

“ನೋಡಿದ್ರಾ,” ಎಂದು ಯಾರ್ಬು ಹಿರಿಯರಿಗೆ ಹೇಳಿದ. “ಸಂಕೋಚದ ಮನುಷ್ಯ. ತಾನ್ ಮಾಡಿದ್ದನ್ನ ತಾನೇ ಹೇಳ್ಕೊಳ್ಳಲ್ಲ.”

ಸಂಜೆಯೊಳಗೆ ಹೂಲನ್ ಬೆಟ್ಟದ ಗೆಲುವು ಯಾರ್ಬುವಿನ ಉಪಾಯವೆಂದು ಖಾನನವರೆಗೆ ಹೋಯಿತು. ಉಬಹೈಗೆ ತುಕಡಿ ವಾಪಸ್ಸು ಸಿಕ್ಕಿತು. ಇನಾಮಾಗಿ ಒಂದು ಹೇಸರಗತ್ತೆ, ಒಬ್ಬ ಆಳು. ಆಳು ಗೆಂಗ್. ಎಲ್ಲರಿಗಿಂತ ಚೆನ್ನಾಗಿ ಗೆಲುವಿನ ಕಥೆ ಹೇಳಬಲ್ಲವನು ಗೆದ್ದವನ ಮನೆಯಲ್ಲೇ ಇರಲಿ ಎಂದು ಯಾರ್ಬು ಯೋಚಿಸಿ ಕೊಟ್ಟಿದ್ದ.

ಮನೆಯ ಬಾಗಿಲಲ್ಲಿ ನೆಂಜೆ ಇಬ್ಬರನ್ನೂ ತಡೆದಳು. “ಇವನು ಯಾರಾದ್ರೂ ಆಗ್ಲಿ, ಆ ನಾಯಿ ಚರ್ಮದ ಟೋಪಿ ನನ್ನ ಹೊಸ್ತಿಲು ದಾಟೋದು ಬೇಡ,” ಎಂದಳು. ಜುರ್ಚೆನ್ ಮನೆಯಲ್ಲಿ ನಾಯಿ ಕೊಲ್ಲುವುದಿಲ್ಲ, ಅದರ ಚರ್ಮ ತೊಡುವುದಿಲ್ಲ. ಗೆಂಗ್ ಟೋಪಿ ಬೇಲಿಯಾಚೆ ಎಸೆದು ಬರಿತಲೆಯಲ್ಲಿ ಒಳಗೆ ಬಂದ. ನೆಂಜೆ ಅವನ ತಲೆ ನೋಡಿ, ಒಳಗಿನಿಂದ ಹಳೆಯ ಕುರಿಚರ್ಮದ ಟೋಪಿಯೊಂದನ್ನು ತಂದು ಅವನ ಕಡೆ ಎಸೆದಳು.

ಊರವರು ಬಂದು ಕಥೆ ಕೇಳಿ ಹೋದರು. ಉಬಹೈ “ಹೂಂ” ಎನ್ನುತ್ತ ಕೂತಿದ್ದ. ಎಲ್ಲರೂ ಹೋದ ಮೇಲೆ ನೆಂಜೆ ಒಲೆಯ ಹೊಗೆ ಹಾಯಿಸಿ ಬೆಚ್ಚಗಿಟ್ಟ ಜಗಲಿಯ ಮೇಲೆ ನವಣೆ ಕಡುಬು ತಂದಿಟ್ಟು ಎದುರು ಕೂತಳು. ಮಕ್ಕಳು ಪಕ್ಕದಲ್ಲಿ ಒಂದೇ ಕಂಬಳಿ ಹೊದ್ದು ಜಗಳವಾಡುತ್ತಿದ್ದರು. ಗೆಂಗ್ ಒಲೆಯ ಬಳಿ ಸೌದೆ ಸೀಳುತ್ತಿದ್ದ.

“ಹತ್ತು ಸಾವಿರ ಜನ,” ಎಂದಳು ನೆಂಜೆ. “ಒಂದು ಹಂದಿ ಹಿಡಿಯೋಕಾಗದೋನಿಗೆ ಹತ್ತು ಸಾವಿರ ಜನಾನ ಯಾರಪ್ಪ ಕೊಟ್ರು?”

ಉಬಹೈಗೆ ನಗು ಬಂತು. ಬೆಟ್ಟ ಇಳಿದ ಮೇಲೆ ಮೊದಲ ಸಲ. ನಿಜ ಹೇಳಲು ಈ ಮನೆಯಲ್ಲದೆ ಬೇರೆ ಜಾಗವಿಲ್ಲ ಎನಿಸಿತು.

“ಯಾರೂ ಕೊಡ್ಲಿಲ್ಲ ಕಣೇ. ಇಪ್ಪತ್ತೇ ಜನ ಇದ್ವಿ. ಜಿಂಕೆ ಬಂತು, ಆ ಮುದುಕ ಊದ್ಬಿಟ್ಟ. ನಾನು ಕೂತ್ಕೊಳ್ರೋ ಕೂತ್ಕೊಳ್ರೋ ಅಂತ...”

ಸೌದೆ ಸೀಳುವ ಸದ್ದು ನಿಂತಿತು.

“ಇಲ್ಲ,” ಎಂದ ಗೆಂಗ್.

ನೆಂಜೆ ತಿರುಗಿ ನೋಡಿದಳು. ಆಳು ಯಜಮಾನನ ಮಾತಿಗೆ ಅಡ್ಡ ಬರುವ ರೂಢಿ ಆ ಮನೆಯಲ್ಲಿ ಇರಲಿಲ್ಲ. ಅದಕ್ಕೆ ಮುಂಚೆ ಆಳೂ ಇರಲಿಲ್ಲ.

“ನೀವು ಸಂಕೋಚಕ್ಕೆ ಹೇಳ್ತಿದೀರಿ ಯಜಮಾನ್ರೆ. ಇಪ್ಪತ್ತಲ್ಲ. ನಾನು ಕಣ್ಣಾರೆ ನೋಡಿದೀನಿ.”

“ನಾನೇ ಇದ್ನಲ್ಲಯ್ಯ ಅಲ್ಲಿ. ಇಪ್ಪತ್ತು ಜನ. ಹೆಸರು ಬೇಕಾದ್ರೆ ಹೇಳ್ತೀನಿ.”

“ಬೇಡ.” ಗೆಂಗ್ ಕೊಡಲಿಯನ್ನು ನೆಲಕ್ಕೆ ಇಟ್ಟ. “ನನ್ನ ಪಕ್ಕದಲ್ಲೇ ನನ್ನ ತಮ್ಮ ಇದ್ದ. ತೊರೆ ಹತ್ರ ಎಡವಿ ಬಿದ್ದ. ಅಣ್ಣಾ ಅಂದ. ಹಿಂದೆ ಹತ್ತು ಸಾವಿರ ಜನ ಬರ್ತಿದ್ರು. ನಾನು ನಿಲ್ಲೋ ಹಾಗಿರ್ಲಿಲ್ಲ.” ಅವನು ಉಬಹೈಯನ್ನೇ ನೋಡಿದ. “ನಿಲ್ಲೋ ಹಾಗಿತ್ತಾ ಯಜಮಾನ್ರೆ?”

ಮಕ್ಕಳು ಜಗಳ ನಿಲ್ಲಿಸಿದ್ದರು. ಉಬಹೈ ಕೈಯಲ್ಲಿದ್ದ ಕಡುಬನ್ನು ತಟ್ಟೆಗೆ ಇಟ್ಟ. ಕುದುರೆ ಮೇಲಿನಿಂದ ಆ ಕಣಿವೆಯನ್ನು ತಾನು ನೋಡಿದ್ದು, ತೊರೆಯ ಬಳಿಯ ಗುಂಪು, ಆ ಗುಂಪಿನಲ್ಲಿ ಯಾವ ಮುಖವೂ ಕಂಡಿರಲಿಲ್ಲ ಎನ್ನುವುದು ಅವನಿಗೆ ನೆನಪಾಯಿತು.

“ಇಲ್ಲ,” ಎಂದ. “ನಿಲ್ಲೋ ಹಾಗಿರ್ಲಿಲ್ಲ.”

“ಹತ್ತು ಸಾವಿರ ಇದ್ರು, ಅಲ್ವಾ?”

“ಹೆಚ್ಚೇ ಇದ್ರು,” ಎಂದ ಉಬಹೈ. “ಮರದ ಹಿಂದೆ ಇದ್ದೋರು ನಿಂಗೆ ಕಂಡಿರಲ್ಲ.”

ಗೆಂಗ್ ತಲೆಯಾಡಿಸಿ ಕೊಡಲಿ ಎತ್ತಿಕೊಂಡ. ನೆಂಜೆ ತಟ್ಟೆಯಿಂದ ಎರಡು ಕಡುಬು ತೆಗೆದು ಒಲೆಯ ದಂಡೆಯ ಮೇಲೆ, ಅವನ ಕೈಗೆ ಎಟುಕುವಲ್ಲಿ ಇಟ್ಟಳು.